ಹೆಂಡತಿಯ ಕೈಯಲ್ಲಿ ಆಳು ನಿಂತ ವರ್ಷ

ಹೋದ ತಿಂಗಳು ಸಿಂದಗಿಯಲ್ಲಿ ಬಸ್ಸು ಬದಲಿಸಬೇಕಾಗಿತ್ತು. ಮುದ್ದೇಬಿಹಾಳದ ಬಸ್ಸಿಗೆ ಇನ್ನೂ ಮುಕ್ಕಾಲು ತಾಸು ಇತ್ತು. ನಿಲ್ದಾಣದ ಹೊರಗೆ ಬೇರು-ನಾರು ಮಾರುವ ಅಂಗಡಿಯೊಂದರ ಮುಂದೆ ಹಾದುಹೋಗುವಾಗ ಬಜೆಯ ವಾಸನೆ ಬಂತು. ಬಜೆ ಎಂದರೆ ಹೆಚ್ಚಿನವರಿಗೆ ಕೂಸಿನ ನಾಲಿಗೆಗೆ ತೇಯ್ದು ಹಚ್ಚುವುದು ನೆನಪಾಗುತ್ತದೆ. ನನಗೆ ನೆನಪಾಗುವುದು ಹಳೆಯ ಕಾಗದ. ಹುಳ ಹಿಡಿಯದಿರಲೆಂದು ನಮ್ಮ ಕಡೆಯ ಜನ ಹೊಲದ ಕಾಗದಗಳ ಗಂಟಿನಲ್ಲಿ ಒಂದು ತುಂಡು ಬಜೆ ಇಡುತ್ತಿದ್ದರು. ಎಪ್ಪತ್ತರ ದಶಕದ ನಡುವೆ ಒಂದು ವರ್ಷ ಪೂರ್ತಿ ನನ್ನ ಅಂಗಿ, ಚೀಲ, ಬೆರಳು ಎಲ್ಲ ಅದೇ ವಾಸನೆ ಹೊಡೆಯುತ್ತಿದ್ದವು.

ಹೊಡೆಯುತ್ತಿದ್ದವೇ? ಮನೆಗೆ ಬಂದು ಆ ವರ್ಷದ ಡೈರಿ ತೆರೆದರೆ ವಾಸನೆಯ ಮಾತು ಒಂದು ಕಡೆಯೂ ಇಲ್ಲ. ಬಸ್ಸು ತಡವಾದದ್ದು ಇದೆ, ಬಿಸಿಲು ಇದೆ, ಎಷ್ಟು ಕಾಗದ ಓದಿದೆ ಎಂಬುದಿದೆ. ನೆನಪು ತನಗೆ ಬೇಕಾದ್ದನ್ನು ಆಮೇಲೆ ಸೇರಿಸಿಕೊಳ್ಳುತ್ತದೆ. ಹೀಗಾಗಿ ಕೆಳಗೆ ಬರೆಯುವುದರಲ್ಲಿ ಡೈರಿ ಒಪ್ಪದ ಕಡೆ ಹಾಗೆಂದು ಹೇಳಿಬಿಡುತ್ತೇನೆ.

ನಾನು ಧಾರವಾಡದಲ್ಲಿ ಇತಿಹಾಸದಲ್ಲಿ ಎಂ.ಎ. ಮಾಡಿ ಬಂದವನು. ಪದವಿಯಿಂದ ನನಗೆ ಕೆಲಸ ಸಿಗಲಿಲ್ಲ. ಸಿಕ್ಕಿದ್ದು ಚಡಚಣದ ಅಜ್ಜನಿಂದ. ತಾಯಿಯ ತಂದೆಯಾದ ಅವರು ಅಡತಿ ಅಂಗಡಿಯಲ್ಲಿ ಮರಾಠಿಯ ಮೋಡಿ ಲಿಪಿಯಲ್ಲಿ ವ್ಯವಹಾರ ಬರೆಯುತ್ತಿದ್ದರು. ಕೈ ಎತ್ತದೆ, ಪದಗಳ ನಡುವೆ ಜಾಗ ಬಿಡದೆ ಒಂದೇ ಉಸಿರಿನಲ್ಲಿ ಬರೆದುಕೊಂಡು ಹೋಗುವ ಆ ಬರಹವನ್ನು ಸೂಟಿಯಲ್ಲಿ ಆಟದಂತೆ ನನಗೂ ಕಲಿಸಿದ್ದರು. ಉಳುವವನಿಗೆ ಭೂಮಿ ಎಂಬ ಕಾಯ್ದೆ ಬಂದಾಗ ನಮ್ಮ ಕಡೆಯ ನಾಲ್ಕು ತಾಲ್ಲೂಕುಗಳಲ್ಲಿ ಜನ ಮಾಡಿನ ಸಂದಿಯಿಂದ, ಜೋಳದ ಹಗೇವಿನ ಪಕ್ಕದಿಂದ, ದೇವರ ಜಗುಲಿಯಿಂದ ಹಳೆಯ ಕಾಗದ ಹೊರಗೆ ತೆಗೆದರು. ಎಲ್ಲವೂ ಮೋಡಿಯಲ್ಲಿ. ಓದಬಲ್ಲ ಮುದುಕರು ತೀರಿಹೋಗಿದ್ದರು, ಇಲ್ಲವೇ ಕಣ್ಣು ಕಳೆದುಕೊಂಡಿದ್ದರು. ಕಚೇರಿಯ ಹೊಸ ಗುಮಾಸ್ತರಿಗೆ ಅದು ಇರುವೆ ಹರಿದಂತೆ ಕಾಣುತ್ತಿತ್ತು.

ಹೀಗೆ ನಾನು ಕಾಗದ ಓದುವವನಾದೆ. ಇಂಡಿಯಲ್ಲಿ ಒಂದು ಬಾಡಿಗೆ ಕೋಣೆ. ಹೊಸದಾಗಿ ಮದುವೆಯಾಗಿ ಬಂದ ಶಾಂತಾ. ಒಂದು ಭೂತಗನ್ನಡಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಆಯಾ ಊರಿನ ಸಂತೆಯ ದಿನ ಅಲ್ಲಿಯ ಕಚೇರಿಯ ಎದುರಿನ ಬೇವಿನ ಗಿಡದ ಕೆಳಗೆ ಚಾಪೆ ಹಾಸಿ ಕೂತರೆ ಜನ ಬರುತ್ತಿದ್ದರು.

ದರ ಎಂಬುದು ಇರಲಿಲ್ಲ. 'ನಿಮ್ಮ ಖುಷಿ' ಎನ್ನುತ್ತಿದ್ದೆ. ವಿದ್ಯೆಗೆ ಬೆಲೆ ಕಟ್ಟಬಾರದು ಎಂದು ಆಗ ನಂಬಿದ್ದೆ ಎಂದು ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ನಿಜವಾಗಿ ಅದು ನಂಬಿಕೆಯೋ ಬಾಯಿ ತೆರೆದು ಕೇಳುವ ಧೈರ್ಯವಿಲ್ಲದ್ದೋ, ಈಗ ಖಾತ್ರಿಯಾಗಿ ಹೇಳಲಾರೆ. ಕಾಗದ ಒಳ್ಳೆಯದನ್ನು ಹೇಳಿದರೆ ಕೊಟ್ಟವನ ಖುಷಿ ದೊಡ್ಡದಿರುತ್ತಿತ್ತು. ಐದು ರೂಪಾಯಿ, ಒಂದು ಪಡಿ ಶೇಂಗಾ, ಒಮ್ಮೆ ಒಂದು ಹೋತದ ಮರಿ ಸಹಿತ. ಕಾಗದ ಕೆಟ್ಟದ್ದನ್ನು ಹೇಳಿದರೆ ಆತ ಗಂಟು ಕಟ್ಟಿಕೊಂಡು, 'ಏನ್ ಓದ್ತೀರೋ ಏನೋ' ಎಂದು ಗೊಣಗುತ್ತ ಎದ್ದುಹೋಗುತ್ತಿದ್ದ. ಕೆಟ್ಟ ಕಾಗದಗಳೇ ಹೆಚ್ಚು. ಅವನ್ನು ಓದಲು ಹಿಡಿಯುವ ಹೊತ್ತು ಅಷ್ಟೇ.

ಇದರಿಂದ ಹೊಟ್ಟೆಗೆ ಕಡಿಮೆ ಬಿದ್ದದ್ದು ದೊಡ್ಡ ಮಾತಲ್ಲ. ಒಂದು ದಿನ ಸಿಂದಗಿಯಲ್ಲಿ ನಡೆದದ್ದನ್ನು ಬರೆಯಬೇಕು. ಒಬ್ಬ ರೈತ ಗಿರವಿಯ ಕಾಗದ ತಂದಿದ್ದ. ಅವನ ಅಜ್ಜ ಹೊಲ ಬಿಡಿಸಿಕೊಂಡಿದ್ದನೇ ಇಲ್ಲವೇ ಎಂಬುದು ಪ್ರಶ್ನೆ. ಬಿಡಿಸಿಕೊಂಡಿರಲಿಲ್ಲ, ಅದು ಸ್ಪಷ್ಟವಾಗಿಯೇ ಇತ್ತು. ಆದರೆ ಆತ ತನ್ನ ಪಕ್ಕದಲ್ಲಿ ಅರ್ಧ ಚೀಲ ಜೋಳ ಇಟ್ಟುಕೊಂಡು ಕೂತಿದ್ದ. ನಮ್ಮ ಮನೆಯ ಡಬ್ಬಿ ಖಾಲಿಯಾಗಿ ಎರಡು ದಿನವಾಗಿತ್ತು. 'ಇಲ್ಲಿ ಅಕ್ಷರ ಮಸಕೈತಿ, ಬಿಡಿಸಿದ್ದರೂ ಬಿಡಿಸಿರಬಹುದು' ಎಂದೆ. ಮಸಕಾಗಿರಲಿಲ್ಲ. ಜೋಳ ಮನೆಗೆ ಬಂತು. ಆತ ಆ ಆಸೆಯ ಮೇಲೆ ಮೂರು ಸಲ ಕಚೇರಿ ಹತ್ತಿಳಿದು, ಕೊನೆಗೆ ನನ್ನ ಚಾಪೆಯ ಮುಂದೆ ನಿಂತು, 'ನೀವರ ಖರೇ ಹೇಳಿದ್ರ ಅಷ್ಟು ದಿನ ಇದ್ದ ಹೊಲಾನರ ಬಿತ್ತತಿದ್ನಿ' ಎಂದ. ಬೈಯಲಿಲ್ಲ. ಡೈರಿಯಲ್ಲಿ ಆ ದಿನ ಖಾಲಿ ಬಿಟ್ಟಿದ್ದೇನೆ. ಇದರಲ್ಲಿ ಮಾತ್ರ ನೆನಪನ್ನು ನಂಬುತ್ತೇನೆ.

ಆ ಬೇಸಿಗೆಯ ಮೊದಲಿಗೆ ನನ್ನ ಮಾವ ತಮ್ಮ ಊರಾದ ಮಸೂತಿಯಿಂದ ಬಂದರು. ಹದಿನೆಂಟು ಎಕರೆ ಹೊಲ, ಎರಡು ಜೋಡಿ ಎತ್ತು, ಕಡಿಮೆ ಮಾತು. ನೀರು ಕುಡಿದು ಲೋಟ ಕೆಳಗಿಟ್ಟು ನೇರ ವಿಷಯಕ್ಕೆ ಬಂದರು.

'ಅಳ್ಯಾರ, ವಿಜಾಪುರದಾಗ ಹತ್ತಿ ಜಿನ್ನಿನ ಮಿಲ್ಲಿನ್ಯಾಗ ಒಂದು ಗುಮಾಸ್ತನ ಜಾಗಾ ಖಾಲಿ ಐತಿ. ಮಾಲಕ ನಮ್ಮ ಪರಿಚಯದಾಂವ. ತಿಂಗಳಾ ತಿಂಗಳಾ ಪಗಾರ.'

'ನಂದೂ ನಡದೈತಲ್ರಿ ಮಾವಾರ.'

'ಏನ್ ನಡದೈತ್ರಿ? ಹೋತದ ಮರಿ ಕಟ್ಗೊಂಡು ಬಸ್ ಹತ್ತೂದು ನಡದೈತಿ. ಊರಾಗ ಮಂದಿ ನಿಮ್ಮ ಅಳ್ಯಾ ಏನ್ ಮಾಡ್ತಾನ ಅಂತ ಕೇಳಿದ್ರ ನಾ ಏನ್ ಹೇಳ್ಲಿ? ಕಾಗದ ಓದ್ತಾನ ಅಂತ ಹೇಳಿದ್ರ, ಅದನ್ನ ನನ್ನ ಮಗನೂ ಸಾಲ್ಯಾಗ ಓದ್ತಾನ ಅಂತಾರ.'

ಯುಗಾದಿಗೆ ಮಸೂತಿಗೆ ಬಂದಾಗ ಹೌದೋ ಅಲ್ಲವೋ ಹೇಳಿರಿ ಎಂದು ಎದ್ದರು. ಅವರು ಹೋದ ಮೇಲೆ ಶಾಂತಾ ಒಂದೇ ಮಾತು ಕೇಳಿದಳು. 'ನಿಮಗ ಜಿನ್ನಿಗೆ ಹೋಗೂ ಮನಸೈತೇನ್ರಿ?' ಇಲ್ಲ ಎಂದೆ. ನೂರು ವರ್ಷ ಯಾರೂ ಓದದ ಕಾಗದವೊಂದು ನನ್ನ ಬಾಯಲ್ಲಿ ಮಾತಾಡತೊಡಗುವ ಗಳಿಗೆ ಇದೆಯಲ್ಲ, ಅದನ್ನು ಹತ್ತಿಯ ತೂಕ ಬರೆಯುವ ಪುಸ್ತಕಕ್ಕೆ ಬಿಟ್ಟುಕೊಡುವುದು ಬೇಡವಾಗಿತ್ತು. ಆದರೆ ಬೇಡ ಎನ್ನಲು ನನ್ನ ಹತ್ತಿರ ಯಾವ ಮುಖವೂ ಇರಲಿಲ್ಲ.

ನಮ್ಮ ಕಡೆ ಆಳಿನ ವರ್ಷ ಯುಗಾದಿಯಿಂದ ಯುಗಾದಿಗೆ. ಹಬ್ಬದ ದಿನ ಬೇವು ಕುಡಿದು, ಹೋಳಿಗೆ ಉಂಡು, ಒಡೆಯ ಮತ್ತು ಆಳು ಕಟ್ಟೆಯ ಮೇಲೆ ಕೂತು ಮುಂದಿನ ವರ್ಷದ ಕರಾರು ಮಾತಾಡುತ್ತಾರೆ. ಇದಕ್ಕೆ ಆಳು ನಿಲ್ಲುವುದು ಎನ್ನುತ್ತಾರೆ. ಮಾವನ ಮನೆಯಲ್ಲಿ ಒಂಬತ್ತು ವರ್ಷದಿಂದ ನಿಂತಿದ್ದವನು ಎಲ್ಲಪ್ಪ. ಐವತ್ತರ ಆಸುಪಾಸಿನ ಒಣಕಲು ಮನುಷ್ಯ, ಮಾತಿಗೆ ಮಾತ್ರ ಬರಗಾಲವಿಲ್ಲ. ನಾನು ಪಕ್ಕದಲ್ಲಿ ಎಲೆ ಅಡಿಕೆ ಹಿಡಿದು ಕೂತಿದ್ದೆ.

'ಹ್ವಾದ ವರ್ಷ ಮಳಿ ಕೈ ಕೊಡ್ತು,' ಎಂದರು ಮಾವ. 'ಜೋಳ ಅರ್ಧಕ್ಕರ್ಧ ಬಂತು. ಈ ವರ್ಷ ನೀನೂ ಸ್ವಲ್ಪ ಇಳೀಬೇಕೋ ಎಲ್ಲಪ್ಪ.'

ಎಲ್ಲಪ್ಪ ಸುಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ. 'ಮಳಿ ನಿಮ್ದರಿ ಗೌಡ್ರ, ದುಡಿಮಿ ನಂದು. ಹ್ವಾದ ವರ್ಷ ನಾ ಅರ್ಧಾ ಹೊಲ ಹರಗೇನೇನ್ರಿ? ಪೂರಾ ಹರಗೇನಿ. ಬೆಳಿ ಛಲೋ ಬಂದ ವರ್ಷ ನೀವು ನನಗ ಎರಡು ಪಗಾರ ಕೊಟ್ಟಿಲ್ಲ, ನಾ ಕೇಳೂ ಇಲ್ಲ.'

ಮಾವ ನಕ್ಕರು. ಆರು ಚೀಲ ಜೋಳ, ನಾನೂರು ರೂಪಾಯಿ, ಒಂದು ಕಂಬಳಿ, ಒಂದು ಜೋಡಿ ಧೋತರ, ಎರಡು ಜೋಡಿ ಚಪ್ಪಲಿ, ಕಾರಹುಣ್ಣಿಮೆಗೆ ಎರಡು ದಿನ ಸೂಟಿ. ವೀಳ್ಯ ಕೊಟ್ಟು ಮುಗಿಸಿದರು. ಇತಿಹಾಸದ ಎಂ.ಎ. ತರಗತಿಯಲ್ಲಿ ಕೂಲಿಯ ಬಗ್ಗೆ ಎಷ್ಟೋ ಪುಟ ಬರೆದಿದ್ದೆ. ಎಲ್ಲಪ್ಪ ಹೇಳಿದ ಎರಡು ಮಾತು ಅವುಗಳಲ್ಲಿ ಇರಲಿಲ್ಲ.

ಆ ದಿನವೇ ಬಿಸಿಲು ಇಳಿದ ಮೇಲೆ ಶಾಂತಾ ಹಿತ್ತಲಲ್ಲಿ ನನ್ನನ್ನು ಕರೆದಳು. 'ನೀವೂ ಆಳು ನಿಲ್ರಿ,' ಎಂದಳು.

'ಯಾರ ಮನ್ಯಾಗ?'

'ನಮ್ಮ ಮನ್ಯಾಗ. ನಾ ಗೌಡತಿ. ಓದಿದ್ದಕ್ಕ ಬಂದಿದ್ದು ಎಲ್ಲಾ ನನ್ನ ಕೈಯಾಗ ಕೊಡ್ರಿ. ಬರ್ಲಿ ಬಿಡ್ಲಿ, ಒಂದನೇ ತಾರೀಖಿಗೆ ನಿಮ್ಮ ಪಗಾರ ನಾ ಕೊಡ್ತೇನಿ. ಮಂದಿ ಹತ್ರ ಓದೂಕಿನ ಮುಂಚೇನ ಇಸಗೋರಿ. ಖುಷಿಗಿಷಿ ಬ್ಯಾಡ.'

ನಾನು ನಗಲು ಹೋದೆ. ಅವಳು ನಗಲಿಲ್ಲ. ಎತ್ತಿಗೆ ಮೇವು ಹಾಕುತ್ತಿದ್ದ ಎಲ್ಲಪ್ಪನನ್ನು ಕರೆದಳು. 'ಕಾಕಾ, ಬಾ ಇಲ್ಲೆ. ಕರಾರಿಗೆ ಒಬ್ರು ಸಾಕ್ಷಿ ಬೇಕು. ಹಾ, ಹೇಳ್ರಿ, ತಿಂಗಳಿಗೆ ಎಷ್ಟು?'

ಬಹಳ ಹೊತ್ತು ಲೆಕ್ಕ ಹಾಕಿ, ಹೆಚ್ಚಾಯಿತೇನೋ ಎಂದು ಅಳುಕಿ, 'ಅರವತ್ತು' ಎಂದೆ.

ಎಲ್ಲಪ್ಪ ಮೇವಿನ ಕೈ ಝಾಡಿಸಿಕೊಂಡು ನನ್ನ ಮುಖ ನೋಡಿದ. 'ಅಳ್ಯಾರ, ತಪ್ಪ ತಿಳ್ಕೋಬ್ಯಾಡ್ರಿ. ಜೋಳ ಹಿಡದ್ರ ನಂದ ತೊಂಬತ್ತರ ಮ್ಯಾಲ ಹೊಕ್ಕೈತಿ. ಹದಿನಾರು ವರ್ಷ ಸಾಲಿ ಕಲ್ತಾವ್ರು ಅರವತ್ತಕ್ಕ ನಿಂತ್ರ ನಾಳೆ ಗೌಡ್ರು ನನಗ ಮೂವತ್ತು ಅಂತಾರ. ನಮ್ಮ ದರ ಕೆಡಿಸಬ್ಯಾಡ್ರಿ.'

ನನ್ನ ವಿನಯ ಇನ್ನೊಬ್ಬನ ಅನ್ನಕ್ಕೆ ಕೈ ಹಾಕಬಹುದು ಎಂದು ನನಗೆ ಹೊಳೆದಿರಲಿಲ್ಲ. ಕೊನೆಗೆ ನೂರಾ ಇಪ್ಪತ್ತಕ್ಕೆ ನಿಂತಿತು. ಎಲ್ಲಪ್ಪ ಬಿಡಲಿಲ್ಲ. 'ಬಸ್ಸಿನ ಚಾರ್ಜ್ ಯಾರದು? ಅದು ಗೌಡತಿದು. ಎತ್ತಿನ ಮೇವು ಆಳಿನ ಪಗಾರದಾಗ ಹಿಡೀತಾರೇನು? ಚಪ್ಪಲಿ ಎಷ್ಟ ಜೋಡಿ? ಎರಡು ಸಾಲೂದಿಲ್ಲ, ನಾಲ್ಕ ತಾಲೂಕ ತಿರಗತಾರ, ಮೂರು ಹಿಡಿ ಅಕ್ಕಾ.' ತಿಂಗಳಿಗೆ ಎರಡು ದಿನ ಸೂಟಿ ಎಂದೂ ಅವನೇ ಸೇರಿಸಿದ. ಶಾಂತಾ ಒಂದು ಎಲೆ ಮಡಿಸಿ ನನ್ನ ಕೈಗೆ ಕೊಟ್ಟಳು. ಮಾವನಿಗೆ ನಾನು, 'ಒಂದು ವರ್ಷ ತಡೀರಿ' ಎಂದಷ್ಟೇ ಹೇಳಿದೆ. ಅವರು, 'ಬರೂ ಯುಗಾದಿ ತನಕ. ಆಮ್ಯಾಲ ಜಿನ್ನು' ಎಂದರು.

ದರವನ್ನು ಒಂದು ರಟ್ಟಿನ ಮೇಲೆ ಬರೆದು ಚಾಪೆಯ ಮುಂದೆ ಇಟ್ಟೆ. ಕಾಗದಕ್ಕೆ ಮೂರು ರೂಪಾಯಿ, ಬಿಚ್ಚುವ ಮೊದಲು. ಕನ್ನಡದಲ್ಲಿ ಬರೆದುಕೊಟ್ಟರೆ ಮತ್ತೆ ಎರಡು. ಮೊದಲ ಎರಡು ವಾರ ಸಂತೆಯ ಜನ ಅದನ್ನು ಓದಿಸಿಕೊಂಡು ಮುಂದೆ ಹೋದರು. ಮುದ್ದೇಬಿಹಾಳದಲ್ಲಿ ಒಬ್ಬ ಮುದುಕಿ, 'ಒಳಗ ಏನೈತಿ ಅಂತ ಗೊತ್ತಾಗೂಕಿನ ಮುಂಚೆ ಯಾಕ ಕೊಡ್ಬೇಕೋ ಯಪ್ಪಾ?' ಎಂದು ಕೇಳಿದಳು. 'ಒಳಗಿಂದು ನಿಮ್ದು ಯವ್ವಾ, ಓದೂದಷ್ಟ ನಂದು' ಎಂದೆ. ಆಕೆ ಸೀರೆಯ ಗಂಟು ಬಿಚ್ಚಿದಳು. ಕಾಗದದಲ್ಲಿ ಆಕೆಗೆ ಬೇಕಾದ್ದು ಇರಲಿಲ್ಲ. ಆದರೂ, 'ತಿಳದಂಗಾತು ಬಿಡು' ಎಂದು ಎದ್ದಳು. ಕೆಟ್ಟ ಕಾಗದ ಓದಿ ಯಾರ ಕಣ್ಣು ತಪ್ಪಿಸದೆ ಕೂತದ್ದು ನನಗೆ ಅದೇ ಮೊದಲು.

ಕರಾರು ಮಾಡುವಾಗ ನಾವು ಮೂವರೂ ಒಂದನ್ನು ಮರೆತಿದ್ದೆವು. ಬೀಗರು. ಬೀಗರ ಹತ್ತಿರ ದುಡ್ಡು ಇಸಿದುಕೊಳ್ಳುವ ರೂಢಿ ನಮ್ಮಲ್ಲಿ ಇಲ್ಲ. ರಟ್ಟಿನ ಸುದ್ದಿ ಹಬ್ಬಿದ್ದೇ ತಡ, ಮಾವನ ತಾಲ್ಲೂಕಾದ ಬಾಗೇವಾಡಿಯ ಚಾಪೆಯ ಮುಂದೆ ಕೂರುವವರೆಲ್ಲ ಬೀಗರಾದರು. 'ನಿಮ್ಮ ಮಾವನ ಸ್ವಾದರತ್ತಿ ಮಗಳ್ನ ನಮ್ಮ ಕಾಕಾಗ ಕೊಟ್ಟೈತ್ರಿ' ಎಂದು ಶುರು ಮಾಡಿ ಗಂಟು ಬಿಚ್ಚುವರು. ಕೊಲ್ಹಾರದಿಂದ ಬಂದ ಒಬ್ಬನಂತೂ, ತನ್ನ ಎತ್ತು ನಮ್ಮ ಮಾವನ ಮನೆಯಲ್ಲಿ ಹುಟ್ಟಿದ್ದು ಎಂದು ಸಂಬಂಧ ಹೇಳಿದ. ಒಂದು ಸಂತೆಗೆ ಹನ್ನೊಂದು ಕಾಗದ ಓದಿ ಆರು ರೂಪಾಯಿ ತಂದೆ.

ಶಾಂತಾ ಅದನ್ನು ನೋಡಿ, 'ಬೀಗ್ರು ಯಾರ ಬೀಗ್ರು? ಗೌಡತಿ ಬೀಗ್ರು,' ಎಂದಳು. 'ಅವ್ರು ನಮ್ಮ ಮನಿಗೆ ಬರ್ಲಿ, ಊಟಾ ಹಾಕ್ತೇನಿ. ನನ್ನ ಆಳು ಪುಕ್ಕಟೆ ದುಡಿಯೂದಿಲ್ಲ ಅಂತ ಹೇಳ್ರಿ.' ಹಾಗೆಯೇ ಹೇಳತೊಡಗಿದೆ. ಜನ ನಕ್ಕರು, ಕೆಲವರು ಮುನಿದರು. ಇಬ್ಬರೋ ಮೂವರೋ ಇಂಡಿಯ ತನಕ ಬಂದು ನಿಜವಾಗಿಯೂ ಉಂಡು, ಆಮೇಲೆ ಮೂರು ರೂಪಾಯಿ ಇಟ್ಟರು.

ಶ್ರಾವಣದ ಬಿತ್ತನೆಯ ದಿನಗಳಲ್ಲಿ ಹೆಚ್ಚು ಜನ ಬರಲಿಲ್ಲ. ಎರೆಹೊಲ ಹಸಿಯಾದರೆ ಕಾಗದ ಯಾರಿಗೆ ಬೇಕು. ಇಡೀ ತಿಂಗಳಿಗೆ ಒಂಬತ್ತು ಕಾಗದ. ಒಂದನೇ ತಾರೀಖಿಗೆ ಶಾಂತಾ ನೂರಾ ಇಪ್ಪತ್ತನ್ನೂ ಎಣಿಸಿ ಮುಂದೆ ಇಟ್ಟಳು. ಬೇಸಿಗೆಯ ಭರದ ದಿನಗಳಲ್ಲಿ ಬಂದದ್ದನ್ನು ಅವಳು ಮುಟ್ಟದೆ ಇಟ್ಟಿದ್ದಳು. ನಾನು, 'ಈ ತಿಂಗಳು ಅರ್ಧ ಸಾಕು' ಎಂದೆ.

'ಎಷ್ಟು ಸಂತಿಗೆ ಹೋಗಿದ್ರಿ?'

'ಎಲ್ಲಾದಕ್ಕೂ.'

'ಮತ್ತ?' ಎಂದವಳೇ ಒಳಗೆ ಹೋದಳು.

ಆ ಹಣ ಹಿಡಿದು ನಾನು ಎಷ್ಟು ಹೊತ್ತು ಕೂತಿದ್ದೆನೋ. ಅದೇ ಮನೆಯ ಹಣ, ಅದೇ ಮನೆಗೇ ಖರ್ಚಾಗುವುದು. ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿದ್ದು ಬಿಟ್ಟರೆ ಏನೂ ಬದಲಾಗಿರಲಿಲ್ಲ. ಆದರೂ ಮುಂದಿನ ಸಂತೆಗೆ ಹೋಗುವಾಗ ನನ್ನ ನಡಿಗೆ ಬೇರೆಯಾಗಿತ್ತು. ಯಾರ ಗಂಟಿನ ಪಕ್ಕದಲ್ಲಿ ಏನಿದೆ ಎಂದು ನೋಡುವುದು ನಿಂತುಹೋಯಿತು.

ಸಂಕ್ರಮಣಕ್ಕೆ ವಾರವಿದ್ದಾಗ ಮಾವ ಮತ್ತೆ ಇಂಡಿಗೆ ಬಂದರು. ಈ ಸಲ ಕಂಕುಳಲ್ಲಿ ಒಂದು ಗಂಟು. ಶಾಂತಾ ನೀರಿಗೆ ಹೋಗಿದ್ದಳು. ದಾಯಾದಿ ತಮ್ಮನೊಂದಿಗೆ ಬಾವಿಯ ಜಗಳವಂತೆ. ಬಾವಿ ಪೂರ್ತಿ ತಮ್ಮದು, ವಾಟಣಿ ಪತ್ರದಲ್ಲಿ ಹಾಗೆಯೇ ಬರೆದಿದೆ, ನಾಳೆಯೇ ಕೋರ್ಟಿಗೆ ಹಾಕುತ್ತೇನೆ, ಓದಿ ಹೇಳಿರಿ ಎಂದರು. ಪಾಲಾದಾಗ ಬರೆದ ಆ ಪತ್ರ ಚಾಪೆಯ ಮೇಲೆ ಬಂದು ಬಿತ್ತು.

ಇವರಲ್ಲಿ ದುಡ್ಡು ಕೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಶಾಂತಾಳಿಗೂ. ಕೇಳಿದರೆ ಜಿನ್ನಿನ ಮಾತು ಈ ಗಳಿಗೆಯಲ್ಲಿಯೇ ಎದ್ದು ಬರುತ್ತದೆ. ಕೇಳದೆ ಓದಿ, ಕಾಗದ ಅವರ ವಿರುದ್ಧ ನಿಂತರೆ? ಆಗ ಅಕ್ಷರ ಮಸಕಾಗಿದೆ ಎಂದು ಇನ್ನೊಮ್ಮೆ ಹೇಳುತ್ತೇನೆಯೇ?

'ಮಾವಾರ, ಬಿಚ್ಚೂಕಿನ ಮುಂಚೆ ಮೂರು ರೂಪಾಯಿ ಇಡಬೇಕಾಗ್ತೈತ್ರಿ.'

ಅವರು ನನ್ನನ್ನು ನೋಡಿದರು. 'ಅಳ್ಯಾರ, ನಾ ನಿಮಗ ಮಗಳ್ನ ಕೊಟ್ಟೇನಿ.'

'ಹೌದ್ರಿ. ಅದಕ್ಕ ಕೇಳಾಕತ್ತೇನಿ. ಪುಕ್ಕಟೆ ಓದಿದ್ರ ನಿಮ್ಮ ಮಾರಿ ನೋಡಿ ಓದಬೇಕಾಗ್ತೈತಿ. ರೊಕ್ಕಾ ಇಟ್ರ ಕಾಗದ ನೋಡಿ ಓದ್ತೇನಿ.'

ಇಷ್ಟು ಚೆನ್ನಾಗಿ ಹೇಳಿದೆನೇ? ಅನುಮಾನ. ಮನೆಯಲ್ಲಿ ಈ ಕಥೆ ನೂರು ಸಲ ಹೇಳಿ ಆ ಮಾತು ನುಣ್ಣಗಾಗಿರಬೇಕು. ಡೈರಿಯಲ್ಲಿ ಇರುವುದು ಎರಡೇ ಪದ. 'ಕೇಳಿದೆ. ಕೊಟ್ಟರು.'

ಓದಿದೆ. ಬಾವಿ ಇಬ್ಬರದು. ನಾಲ್ಕು ದಿನದ ನೀರು ಇವರಿಗೆ, ನಾಲ್ಕು ದಿನದ್ದು ಅವರಿಗೆ. ಎತ್ತುಗಳಿಂದ ನೀರು ಎತ್ತುವ ಮೋಟಿನ ಹಗ್ಗದ ಖರ್ಚೂ ಅರ್ಧರ್ಧ ಎಂದು ಬರೆದಿತ್ತು. ಮಾವ ಜೇಬಿಗೆ ಕೈಹಾಕಿ ಇನ್ನೂ ಮೂರು ರೂಪಾಯಿ ತೆಗೆದು ಇಟ್ಟರು.

'ಇನ್ನೊಮ್ಮೆ ಓದ್ರಿ.'

ಮತ್ತೆ ಮೊದಲಿನಿಂದ, ಪ್ರತಿ ಪದದ ಕೆಳಗೂ ಬೆರಳಿಟ್ಟು ಓದಿದೆ.

'ಆರು ರೂಪಾಯಿಗೂ ಅದ ಬಂತೇನ್ರಿ?'

'ಅದ ಬಂತ್ರಿ.'

ಅವರ ಮೀಸೆಯ ಕೆಳಗೆ ಏನೋ ಅಲುಗಾಡಿತು. ಕೊಡ ಹೊತ್ತು ಒಳಗೆ ಬಂದ ಶಾಂತಾ ಬಾಗಿಲಲ್ಲೇ ನಿಂತುಬಿಟ್ಟಳು, ಚಾಪೆಯ ಮೇಲಿನ ಆರು ರೂಪಾಯಿ ನೋಡಿ. ಮಾವ ಕಾಗದ ಮಡಚಿದರು. 'ಕೋರ್ಟಿಗೆ ಹೋಗಿದ್ರ ಎಷ್ಟ ಹೊಕ್ಕಿತ್ತೋ,' ಎಂದರು, ಯಾರಿಗೆ ಹೇಳಿದರೋ ಗೊತ್ತಿಲ್ಲ. ಅವರ ದಾಯಾದಿ ತಮ್ಮ ಆ ಬೇಸಿಗೆಯಲ್ಲಿ ಅದೇ ಬಾವಿಯಿಂದ ಮೆಣಸಿನಕಾಯಿ ಬೆಳೆದ. ಅಷ್ಟು ನನಗೆ ಗೊತ್ತು.

ಯುಗಾದಿ ಬಂತು. ಮಸೂತಿಯ ಕಟ್ಟೆಯ ಮೇಲೆ ಎಲ್ಲಪ್ಪನ ಮಾತುಕತೆ ಬೇಗ ಮುಗಿಯಿತು. ಆಮೇಲೆ ಶಾಂತಾ ಹೊರಗೆ ಬಂದು, ಹಿತ್ತಲಿಗೆ ಕರೆಯದೆ, ಅಪ್ಪನ ಎದುರಿಗೇ ಕಂಬಕ್ಕೆ ಒರಗಿ ನಿಂತಳು.

'ಹೇಳ್ರಿ. ಈ ವರ್ಷ ಎಷ್ಟು?'

'ನೂರಾ ಅರವತ್ತು,' ಎಂದೆ.

'ನೂರಾ ಮೂವತ್ತೈದು. ಶ್ರಾವಣದಾಗ ಕೈಯಿಂದ ಹಾಕೇನಿ ನಾ.'

'ಶ್ರಾವಣ ನಿಂದು. ಹ್ವಾದ ವರ್ಷ ಒಂದು ಸಂತಿ ತಪ್ಪಿಸಿಲ್ಲ ನಾ. ಸೂಟಿನೂ ಪೂರಾ ತಗೊಂಡಿಲ್ಲ.'

'ತಗೋಬ್ಯಾಡಂತ ನಾ ಹೇಳಿದ್ನೇನು? ನೂರಾ ನಲವತ್ತು.'

'ನೂರಾ ಐವತ್ತೈದು. ಕಣ್ಣಿಗೆ ಚಸ್ಮಾ ಬಂದೈತಿ, ಅದು ಗೌಡತಿ ಖರ್ಚಿನ್ಯಾಗ.'

ಬಹಳ ಹೊತ್ತು ಹೀಗೆಯೇ ನಡೆಯಿತು. ಧ್ವನಿ ಏರಿತು. ಓಣಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು. ಎಲ್ಲಪ್ಪ ಒಂದು ಕಡೆಗೂ ಬಾಯಿ ಹಾಕಲಿಲ್ಲ, ಅಡಿಕೆ ಅಗಿಯುತ್ತ ತೂಗಿ ನೋಡುತ್ತಿದ್ದ. ನಿಂತವರಲ್ಲಿ ಒಬ್ಬ, 'ಏನ್ರಿ ಗೌಡ್ರ, ಹಬ್ಬದ ದಿನ ಅಳ್ಯಾನ್ದು ಮಗಳ್ದು ಜಗಳ ಹಚ್ಚೀರಿ?' ಎಂದು ಕೇಳಿದ.

'ಜಗಳ ಅಲ್ಲೋ. ಪಗಾರ ಮಾತಾಡಾಕತ್ತಾರ,' ಎಂದರು ಮಾವ. ಆಮೇಲೆ ನನ್ನ ಕಡೆ ನೋಡದೆ, ಎಲೆಯ ತೊಟ್ಟು ಮುರಿಯುತ್ತ, 'ಎಲ್ಲಪ್ಪ, ನಾಳೆ ವಿಜಾಪುರಕ್ಕ ಹೊಂಟಿಯಲ್ಲ, ಆ ಜಿನ್ನಿನ ಮಾಲಕಗ ಹೇಳಿ ಬಾ. ಬ್ಯಾರೆ ಯಾರನ್ನರ ನೋಡ್ಕೋ ಅನ್ನು. ನಮ್ಮ ಹುಡುಗ ಅವಗ ತುಟ್ಟಿ ಬೀಳ್ತಾನ,' ಎಂದರು.

ನೂರಾ ಐವತ್ತಕ್ಕೆ ನಿಂತಿತು.